ಡಿಕ್ಕಿಯಲ್ಲಿ ಫ್ಯೂಯಲ್ ಸೆಲ್: ಚೀಲ, ಪೆಟ್ಟಿಗೆ, ವೆಂಟ್

ಸರ್, ನಿಮ್ಮ ಪ್ರಶ್ನೆ ಓದಿದೆ. ರೇಸ್ ಟ್ರ್ಯಾಕ್‌ಗೆ ರೆಡಿ ಮಾಡುತ್ತಿರುವ ಎಸ್ಟೀಮ್ ಕಾರಿನ ಡಿಕ್ಕಿಯಲ್ಲಿ 45 ಲೀಟರ್ ಫ್ಯೂಯಲ್ ಸೆಲ್ (ಲೋಹದ ಪೆಟ್ಟಿಗೆಯೊಳಗೆ ರಬ್ಬರ್ ಲೇಪದ ಚೀಲ ಇರುವ ರೇಸ್ ಪೆಟ್ರೋಲ್ ಟ್ಯಾಂಕ್) ಕೂರಿಸಬೇಕು, 2019ರ ಲೇಬಲ್ ಇರುವ ಎಫ್‌ಟಿ3 ದರ್ಜೆಯ ಬ್ಲಾಡರ್ (ಅಂದರೆ ಆ ಚೀಲ) ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದೆ, ಪೆಟ್ಟಿಗೆಯನ್ನು ಪೀಣ್ಯದಲ್ಲಿ ಮಾಡಿಸಬಹುದಾ ಅಂತ ಕೇಳಿದ್ದೀರಿ. ಪೆಟ್ಟಿಗೆ ಧಾರಾಳವಾಗಿ ಮಾಡಿಸಬಹುದು. ಆ ಬ್ಲಾಡರ್ ಮಾತ್ರ ಬೇಡ.

ಅಂತರರಾಷ್ಟ್ರೀಯ ಮೋಟಾರ್ ಸ್ಪೋರ್ಟ್ ಸಂಸ್ಥೆ ಎಫ್‌ಐಎಯ ನಿಯಮದ ಪ್ರಕಾರ ಬ್ಲಾಡರ್‌ನ ಆಯಸ್ಸು ತಯಾರಾದ ದಿನದಿಂದ 5 ವರ್ಷ. ಅದನ್ನು ತಯಾರಿಸಿದ ಕಂಪನಿಯೇ ಪರೀಕ್ಷಿಸಿ ಸರ್ಟಿಫಿಕೇಟ್ ಕೊಟ್ಟರೆ ಹೆಚ್ಚೆಂದರೆ ಇನ್ನೆರಡು ವರ್ಷ. ನಿಮ್ಮದು 2024ಕ್ಕೇ ಮುಗಿದಿದೆ. "ಹೊಸದರ ಥರಾನೇ ಇದೆ, ಬಳಸೇ ಇಲ್ಲ" ಅಂತ ಮಾರುವವರು ಹೇಳುತ್ತಾರೆ. ಬಳಸದೇ ಒಣಗಿಸಿಟ್ಟಿದ್ದರೆ ಅದೂ ಒಳ್ಳೆಯದಲ್ಲ. ಬಟ್ಟೆಯ ಮೇಲಿನ ರಬ್ಬರ್ ಲೇಪ ಬಿರುಸಾಗುತ್ತದೆ, ಮಡಿಕೆ ಬಿದ್ದ ಕಡೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಮೂಲೆಯ ಮಡಿಕೆಯನ್ನು ಬೆರಳಿನಿಂದ ಅಗಲಿಸಿ ಟಾರ್ಚ್ ಹಿಡಿದು ನೋಡಿದರೆ ಕಣ್ಣಿಗೇ ಕಾಣುತ್ತದೆ. ಎಟಿಎಲ್ ಅಥವಾ ಫ್ಯೂಯಲ್ ಸೇಫ್‌ನಂಥವರ ಹೊಸ ಬ್ಲಾಡರ್ ತರಿಸಿ. ಆರ್ಡರ್ ಮಾಡುವಾಗಲೇ ಈ ವರ್ಷದ ತಯಾರಿಕೆ ಕೊಡಿ ಅಂತ ಬರೆದು ಕೇಳಿ. ಗೋಡೌನ್‌ನಲ್ಲಿ ಒಂದೂವರೆ ವರ್ಷ ಕೂತದ್ದು ಬಂದರೆ ಅಷ್ಟು ಆಯಸ್ಸು ನಿಮ್ಮ ಲೆಕ್ಕದಿಂದಲೇ ಹೋಗುತ್ತದೆ.

ಇನ್ನು ಪೆಟ್ಟಿಗೆ. ಬ್ಲಾಡರ್ ಭಾರ ಹೊರುವ ವಸ್ತುವಲ್ಲ. ಅದು ಚೀಲ. ತಳ, ನಾಲ್ಕೂ ಗೋಡೆ ಪೂರ್ತಿ ಆನಿಕೆ ಕೊಟ್ಟರೆ ಮಾತ್ರ ಉಳಿಯುತ್ತದೆ. ಸ್ಟೀಲ್ ಆದರೆ 20 ಗೇಜ್, ಅಂದರೆ ಸುಮಾರು 0.9 ಮಿಮೀ, ಅಲ್ಯೂಮಿನಿಯಂ ಆದರೆ ಕನಿಷ್ಠ 1.5 ಮಿಮೀ. ಡ್ರಾಯಿಂಗ್ ಕೊಟ್ಟರೆ ಪೀಣ್ಯದಲ್ಲಿ ಲೇಸರ್ ಕಟಿಂಗ್, ಬೆಂಡಿಂಗ್, ಟಿಗ್ ವೆಲ್ಡಿಂಗ್ ಎಲ್ಲ ಒಂದೇ ಕಡೆ ಆಗುತ್ತದೆ. ಅಳತೆಯನ್ನು ಬ್ಲಾಡರ್ ಕೈಗೆ ಬಂದ ಮೇಲೇ ಕೊಡಿ, ಕ್ಯಾಟಲಾಗ್ ನೋಡಿ ಕೊಡಬೇಡಿ. ಕೆಲಸ ಕೆಡುವುದು ಒಳಮೈಯಲ್ಲಿ. ವೆಲ್ಡಿಂಗ್ ಸಿಡಿದ ಒಂದು ಕಾಳು, ಪಾಪ್ ರಿವೆಟ್‌ನ ಒಂದು ಬಾಲ, ಕತ್ತರಿಸಿದ ಶೀಟ್‌ನ ಒಂದು ಚೂಪು ಅಂಚು ಸಾಕು, ಪ್ರತಿ ಬ್ರೇಕಿಂಗ್‌ಗೂ ಚೀಲ ಅಲ್ಲೇ ಉಜ್ಜಿ ಉಜ್ಜಿ ತೂತಾಗುತ್ತದೆ. ಒಳಗೆ ರಿವೆಟ್ ಬೇಡವೇ ಬೇಡ. ಮೂಲೆಗಳನ್ನು ಎಮೆರಿ ಪೇಪರ್‌ನಲ್ಲಿ ಉಜ್ಜಿ, ಹಳೇ ನೈಲಾನ್ ಕಾಲುಚೀಲ ಕೈಗೆ ಹಾಕಿಕೊಂಡು ಒಳಗೆಲ್ಲ ಸವರಿ. ದಾರ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಇನ್ನೂ ಕೆಲಸ ಬಾಕಿ. ಆಮೇಲೆ ಜೋಡಣೆಗಳ ಮೇಲೆ ಬಟ್ಟೆ ಟೇಪ್ ಹಚ್ಚಿ. ವ್ಯಾಲಿಡಿಟಿ ಲೇಬಲ್ ನೋಡಲು ಬಿಗಿಯಾಗಿ ಮುಚ್ಚುವ ಒಂದು ಕಿಂಡಿಯನ್ನೂ ಈಗಲೇ ಬಿಡಿಸಿ, ರೇಸ್‌ಗೆ ಮುಂಚಿನ ತಪಾಸಣೆಯಲ್ಲಿ (ಸ್ಕ್ರೂಟಿನಿ) ಕೇಳುತ್ತಾರೆ.

ಕೂರಿಸುವಾಗ ಲೆಕ್ಕ ಹೀಗೆ ಹಾಕಿ: 45 ಲೀಟರ್ ಪೆಟ್ರೋಲ್ ಸುಮಾರು 34 ಕೆಜಿ. 25 ಜಿ ಹೊಡೆತಕ್ಕೆ, ಅಂದರೆ ತೂಕದ 25 ಪಟ್ಟು ಬಲಕ್ಕೆ, ಅದು 850 ಕೆಜಿ ಎಳೆತ. ಡಿಕ್ಕಿಯ ತೆಳು ಶೀಟ್‌ಗೆ ನಾಲ್ಕು ಬೋಲ್ಟ್ ಹಾಕಿದರೆ ಕಾಗದದಂತೆ ಹರಿಯುತ್ತದೆ. 25 ಮಿಮೀ ಚೌಕ ಟ್ಯೂಬ್‌ನ ಫ್ರೇಮ್ ಮಾಡಿ ಚಾಸಿ ರೈಲ್‌ಗೆ ಕಟ್ಟಿ. ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು, 25×3 ಮಿಮೀ ಎಂಎಸ್ ಪಟ್ಟಿ ಸುತ್ತ ಬರಲಿ. 8.8 ಗ್ರೇಡ್ ಎಂ8 ಬೋಲ್ಟ್, ಶೀಟ್‌ನ ಅಡಿಯಲ್ಲಿ 3 ಮಿಮೀ ಬ್ಯಾಕಿಂಗ್ ಪ್ಲೇಟ್, ನೈಲಾಕ್ ನಟ್. ಪಟ್ಟಿಯ ವೆಲ್ಡಿಂಗ್ ಎಲ್ಲ ಮುಗಿದ ಮೇಲೇ ಬ್ಲಾಡರ್ ಗಾಡಿಯ ಹತ್ತಿರ ಬರಲಿ.

ಡ್ರೈವರ್‌ಗೂ ಸೆಲ್‌ಗೂ ನಡುವೆ ದ್ರವವಾಗಲಿ ಬೆಂಕಿಯಾಗಲಿ ದಾಟದ ಲೋಹದ ಗೋಡೆ ಇರಲೇಬೇಕು. ಎಸ್ಟೀಮ್‌ನಂಥ ಸೆಡಾನ್‌ನಲ್ಲಿ ಹಿಂದಿನ ಸೀಟಿನ ಬೆನ್ನಿನ ಜಾಗವನ್ನು ಎಲ್ಲರೂ ಮುಚ್ಚುತ್ತಾರೆ. ಮರೆಯುವುದು ಗಾಜಿನ ಕೆಳಗಿನ ಹಲಗೆಯಲ್ಲಿರುವ ಸ್ಪೀಕರ್ ತೂತುಗಳನ್ನು. ರಾತ್ರಿ ಡಿಕ್ಕಿಯೊಳಗೆ ಎಲ್‌ಇಡಿ ಟಾರ್ಚ್ ಹಚ್ಚಿಟ್ಟು ಮುಚ್ಚಿ, ಕ್ಯಾಬಿನ್‌ನಲ್ಲಿ ಕೂತು ನೋಡಿ. ಬೆಳಕು ಬಂದ ಕಡೆಯೆಲ್ಲ ಹೊಗೆಯೂ ಬರುತ್ತದೆ.

ವೆಂಟ್, ಅಂದರೆ ಸೆಲ್‌ನೊಳಗೆ ಗಾಳಿ ಆಡುವ ಕೊಳವೆಯ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ಹೆಚ್ಚು ಜನ ಎಡವುವುದು ಇಲ್ಲೇ. ಗಾಡಿ ಪಲ್ಟಿಯಾದರೆ ತಾನಾಗಿ ಮುಚ್ಚುವ ರೋಲ್‌ಓವರ್ ವಾಲ್ವ್ ಬೇಕು, ಪೆಟ್ರೋಲ್ ಮೇಲೇರಿದರೆ ತೇಲಿ ಮುಚ್ಚುವ ಫ್ಲೋಟ್ ವಾಲ್ವ್ ಬೇಕು, ಅದು ಮುಚ್ಚಿದಾಗ ಒತ್ತಡ ಹೊರಬಿಡಲು 200 ಮಿಲಿಬಾರ್ ಮೀರದ ಬ್ಲೋ-ಆಫ್ ಬೇಕು. ಮೂರೂ ಒಂದರಲ್ಲೇ ಇರುವ ವಾಲ್ವ್ ಸಿಗುತ್ತದೆ. ಕೊಳವೆಯನ್ನು ಸೆಲ್‌ನ ಮೇಲೆ ಸುತ್ತು ಹಾಕಿಸಿ, ಗಾಡಿ ಯಾವ ಮಗ್ಗುಲಿಗೆ ಬಿದ್ದರೂ ಒಂದು ಭಾಗ ಪೆಟ್ರೋಲ್ ಮಟ್ಟಕ್ಕಿಂತ ಮೇಲಿರುವಂತೆ ಮಾಡಿ, ಸೈಲೆನ್ಸರ್ ಇಲ್ಲದ ಬದಿಯಲ್ಲಿ ಗಾಡಿಯ ಹೊರಗೆ ಬಿಡಿ. ಹಾಕುವ ಮುಂಚೆ ಒಣಗಿದ ವಾಲ್ವ್‌ಗೆ ಸೈಕಲ್ ಪಂಪ್‌ನಿಂದ ಮೆಲ್ಲಗೆ ಗಾಳಿ ಕೊಡಿ: ನೆಟ್ಟಗೆ ಹಿಡಿದಾಗ ಹೋಗಬೇಕು, ತಲೆಕೆಳಗೆ ಹಿಡಿದಾಗ ನಿಲ್ಲಬೇಕು.

ಬೆಂಗಳೂರಿನವರಿಗೆ ಒಂದು ವಿಶೇಷ ಎಚ್ಚರಿಕೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಟ್ರ್ಯಾಕ್ ಇರುವುದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ, ಅಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿ. ಟ್ರೇಲರ್‌ನಲ್ಲಿ ಸಾಗಿಸುವಾಗ ವಾಸನೆ ಬರಬಾರದೆಂದು ವೆಂಟ್‌ಗೆ ಬಿರಡೆ ಹಾಕಿದರೆ ಕೆಳಗಿಳಿಯುವಷ್ಟರಲ್ಲಿ ಹೊರಗಿನ ಒತ್ತಡ ಸುಮಾರು 100 ಮಿಲಿಬಾರ್ ಏರಿರುತ್ತದೆ. 60×40 ಸೆಂಮೀ ಮೇಲ್ಮೈಗೆ ಅದು 200 ಕೆಜಿಗೂ ಹೆಚ್ಚು. ಖಾಲಿ ಚೀಲ ಒಳಕ್ಕೆ ಮುದುಡಿ ಪಂಪ್ ಬ್ರಾಕೆಟ್‌ಗೆ ಒತ್ತಿಕೊಳ್ಳುತ್ತದೆ. ಪೆಟ್ರೋಲ್ ಪೂರ್ತಿ ಇಳಿಸಿ, ವೆಂಟ್ ತೆರೆದೇ ಸಾಗಿಸಿ.

ಲೈನ್‌ಗಳು ಸುಲಭ. ಈ ಇಂಜಿನ್‌ಗೆ ಸಪ್ಲೈ, ರಿಟರ್ನ್ ಎರಡಕ್ಕೂ ಎಎನ್-6 ಅಳತೆಯ ಹೋಸ್ ಸಾಕು. ಎಫ್‌ಐಎ ಕೇಳುವುದು 70 ಬಾರ್ ಒಡೆಯುವ ಒತ್ತಡ, 135 ಡಿಗ್ರಿ ತಾಪ. ಒಳಗೆ ಪಿಟಿಎಫ್‌ಇ (ಟೆಫ್ಲಾನ್) ಪದರ ಇರುವ ಹೋಸ್ ತಗೊಳ್ಳಿ. ಕ್ಯಾಬಿನ್ ಒಳಗೆ ಜಾಯಿಂಟ್ ಬೇಡ, ಮುಂದಿನ ಹಿಂದಿನ ಗೋಡೆಗಳಲ್ಲಿ ಮಾತ್ರ ಲೈನ್ ದಾಟಿಸುವ ಬಲ್ಕ್‌ಹೆಡ್ ಫಿಟಿಂಗ್. ಎಎನ್ ಫ್ಲೇರ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಚೂರು ಇಂಜೆಕ್ಟರ್‌ಗೆ ಹೋಗುತ್ತದೆ. ಮೇಲಿನ ಪ್ಲೇಟ್‌ನ ಗ್ಯಾಸ್ಕೆಟ್‌ಗೆ ಜೆಸಿ ರಸ್ತೆಯಲ್ಲಿ ಕೊಡುವ ಸಿಲಿಕೋನ್ ಪೇಸ್ಟ್ ಕೂಡ ಬೇಡ, ಪೆಟ್ರೋಲ್‌ನಲ್ಲಿ ಉಬ್ಬಿ ಕಳಚಿಕೊಳ್ಳುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ತಯಾರಕರ ಹಾಳೆಯಲ್ಲಿರುವ ಟಾರ್ಕ್‌ಗೆ ಬಿಗಿದು, ಮರುದಿನ ಇನ್ನೊಮ್ಮೆ ನೋಡಿ. ಗ್ಯಾಸ್ಕೆಟ್ ಕೂತ ಮೇಲೆ ಸಡಿಲವಾಗಿರುತ್ತದೆ. ಪಂಪ್‌ಗೆ ಮುಂಚೆ 100 ಮೈಕ್ರಾನ್, ನಂತರ 10 ಮೈಕ್ರಾನ್ ಸ್ಟೀಲ್ ಜಾಲರಿ ಫಿಲ್ಟರ್. ಇಂಜಿನ್ ನಿಂತರೆ ಪಂಪ್ ತಾನಾಗಿ ನಿಲ್ಲುವಂತೆ ವೈರಿಂಗ್ ಇರಲಿ. ಫಿಲ್ಲರ್ ಪ್ಲೇಟ್‌ನಿಂದ ಬಾಡಿಗೆ ಅರ್ಥಿಂಗ್ ವೈರ್ ಹಾಕಿ, ಮೀಟರ್‌ನಲ್ಲಿ 1 ಓಮ್‌ಗಿಂತ ಕಡಿಮೆ ಬರಬೇಕು. ಪೆಟ್ರೋಲ್ ತುಳುಕದಂತೆ ಚೀಲದೊಳಗೆ ತುಂಬುವ ಸ್ಪಂಜಿನಂಥ ಫೋಮ್ ಮೂಲಕ ಪೆಟ್ರೋಲ್ ಹರಿಯುವಾಗ ಸ್ಟ್ಯಾಟಿಕ್ ವಿದ್ಯುತ್ ಹುಟ್ಟುತ್ತದೆ.

ಲೀಕ್ ಪರೀಕ್ಷೆಗೆ ಕಂಪ್ರೆಸರ್ ಮುಟ್ಟಬೇಡಿ. ಚೀಲ ಪೆಟ್ಟಿಗೆಯೊಳಗೇ ಇರಲಿ. ಪಾರದರ್ಶಕ ಕೊಳವೆಯನ್ನು ಯು ಆಕಾರಕ್ಕೆ ಬಗ್ಗಿಸಿ ನೀರು ತುಂಬಿ ಒಂದು ತುದಿ ಸೆಲ್‌ಗೆ ಜೋಡಿಸಿ, ಇನ್ನೊಂದು ಫಿಟಿಂಗ್‌ನಿಂದ ಸೈಕಲ್ ಪಂಪ್‌ನಲ್ಲಿ ಗಾಳಿ ಕೊಡಿ. ಎರಡು ಮಟ್ಟಗಳ ನಡುವೆ 20 ಸೆಂಮೀ ಬಂದರೆ 20 ಮಿಲಿಬಾರ್, ಅಷ್ಟೇ ಸಾಕು. ಅರ್ಧ ಗಂಟೆ ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ.

ನಿರ್ವಹಣೆಯಲ್ಲಿ ಮುಖ್ಯ ಫೋಮ್. 2023ರ ಫೆಬ್ರವರಿಯಲ್ಲಿ ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಬಿಡುಗಡೆಯಾದದ್ದು ನಮ್ಮ ಬೆಂಗಳೂರಲ್ಲೇ, ಈಗ ಬಂಕ್‌ಗಳಲ್ಲಿ ಅದೇ. ಎಥನಾಲ್ ನೀರು ಹೀರುತ್ತದೆ, ಮಾಮೂಲಿ ಫೋಮ್ ಅದರಲ್ಲಿ ನಿಧಾನಕ್ಕೆ ಕರಗುತ್ತದೆ. ಎಥನಾಲ್ ತಾಳುವ ಫೋಮ್ ಅಂತಲೇ ಕೇಳಿ ತರಿಸಿ. ಬಂದ ಮೇಲೆ ಬೆಂಕಿಪೊಟ್ಟಣದಷ್ಟು ತುಂಡು ಕತ್ತರಿಸಿ ಬಂಕ್ ಪೆಟ್ರೋಲ್ ಹಾಕಿದ ಗಾಜಿನ ಬಾಟಲಿಯಲ್ಲಿ ಮುಚ್ಚಿ, ಮನೆಯ ಹೊರಗೆ ನೆರಳಲ್ಲಿ ಮೂರು ವಾರ ಇಡಿ. ತೆಗೆದು ಹಿಚುಕಿದಾಗ ಮತ್ತೆ ಉಬ್ಬಬೇಕು. ಬೆರಳಿಗೆ ಅಂಟಿದರೆ, ಪುಡಿ ಉದುರಿದರೆ ಬೇಡ. ಸೆಲ್‌ನಲ್ಲಿರುವುದನ್ನು ಆರು ತಿಂಗಳಿಗೊಮ್ಮೆ ಹೀಗೇ ಹಿಚುಕಿ ನೋಡಿ. ಅದಕ್ಕೂ ಮುಂಚೆ ಸುಳಿವು ಕೊಡುವುದು ಫಿಲ್ಟರ್: ಜಾಲರಿಯಲ್ಲಿ ರವೆಯಂಥ ಕಾಳು ಕಂಡರೆ ಫೋಮ್ ಹೋಯಿತು ಅಂತಲೇ ಅರ್ಥ. ಪ್ರತಿ ಈವೆಂಟ್ ಆದ ಮೇಲೆ ಪೆಟ್ರೋಲ್ ಇಳಿಸಿ, ಮಳೆಗಾಲದಲ್ಲಂತೂ ಒಳಗೆ ಬಿಡಬೇಡಿ.

ಈ ಕೆಲಸಗಳನ್ನು ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ದಯವಿಟ್ಟು ಮಾಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಸಂಪ್ ಮೋಟರ್‌ನ ಆಟೋ ಸ್ವಿಚ್ ಯಾವಾಗ ಕಿಡಿ ಹಾರಿಸುತ್ತದೋ ನಿಮಗೆ ಗೊತ್ತಾಗುವುದಿಲ್ಲ. ಬಯಲಲ್ಲಿ, ಬ್ಯಾಟರಿ ಬಿಚ್ಚಿಟ್ಟು, ಪಕ್ಕದಲ್ಲಿ ಫೈರ್ ಎಕ್ಸ್‌ಟಿಂಗ್ವಿಷರ್ ಇಟ್ಟುಕೊಂಡು ಮಾಡಿ.

ಶೀಟ್ ಕತ್ತರಿಸುವ ಮುಂಚೆ ನಿಮ್ಮ ರೇಸ್ ಕ್ಲಾಸ್‌ನ ಎಫ್‌ಎಂಎಸ್‌ಸಿಐ (ಭಾರತದ ಮೋಟಾರ್ ಸ್ಪೋರ್ಟ್ ಸಂಸ್ಥೆ) ನಿಯಮ ತೆಗೆದು ನೋಡಿ, ಸೆಲ್ ಎಲ್ಲಿ ಕೂರಬೇಕು ಅನ್ನುವುದು ಕ್ಲಾಸ್‌ನಿಂದ ಕ್ಲಾಸ್‌ಗೆ ಬೇರೆ. ಆ 2019ರ ಬ್ಲಾಡರ್ ಆಗಲೇ ತಗೊಂಡಿದ್ದರೆ ಡಿಕ್ಕಿಯಲ್ಲಿ ಜಾಗ ನೋಡಲು ಮಾದರಿಯಾಗಿ ಮಾತ್ರ ಬಳಸಿ, ಪೆಟ್ಟಿಗೆಯ ಅಳತೆ ಹೊಸ ಬ್ಲಾಡರ್‌ನದ್ದೇ ಇರಲಿ. ಆಮೇಲೆ ವಾರಗಟ್ಟಲೆ ಗಾಳಿಗೆ ಆರಿಸಿ, ಕತ್ತರಿಯಲ್ಲಿ ಎರಡು ತುಂಡು ಮಾಡಿ ಎಸೆಯಿರಿ. ಇಡೀ ಬಿಟ್ಟರೆ ಅದು ಇನ್ನೊಬ್ಬರ ಡಿಕ್ಕಿಗೆ ಹೋಗುತ್ತದೆ.