ಆ ದೂಳನ್ನು ಕಾಯಿಸಿದವರು ಯಾರು?

ಪ್ರಶ್ನೆ: ಆಂಡ್ರೊಮಿಡಾ ಗೆಲಾಕ್ಸಿಯ ಫೋಟೊದಲ್ಲಿ ಕಾಣುವ ಕಪ್ಪು ಪಟ್ಟೆಗಳು ದೂಳು ಅಂತ ಓದಿದೆ. ನಕ್ಷತ್ರಗಳ ಬೆಳಕಿಗೆ ಆ ದೂಳು ಕಾಯುತ್ತದಂತೆ. ಯಾವ ನಕ್ಷತ್ರ ಎಷ್ಟು ಕಾಯಿಸಿತು ಅಂತ ಇಲ್ಲಿ ಕೂತು ಲೆಕ್ಕ ಹಾಕುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ‘ಕಾಯುತ್ತದೆ’ ಅನ್ನುವ ಮಾತನ್ನು ಸ್ವಲ್ಪ ಹುಷಾರಾಗಿ ತಗೊಳ್ಳಿ. ಅಲ್ಲಿನ ದೂಳು ಕಾದು ಕಾದು ಮುಟ್ಟುವುದು ಸುಮಾರು 18 ಕೆಲ್ವಿನ್, ಅಂದರೆ ಮೈನಸ್ 255 ಡಿಗ್ರಿ ಸೆಲ್ಸಿಯಸ್! ನಮ್ಮ ಮನೆಯ ಫ್ರೀಜರ್ ಅದರ ಮುಂದೆ ಕುಲುಮೆ. ಇದು ನಾವು ಗುಡಿಸುವ ದೂಳೂ ಅಲ್ಲ, ಒಲೆ ಹೊಗೆಯ ಕಣದಷ್ಟು ಸಣ್ಣದು. ನಕ್ಷತ್ರದ ಬೆಳಕನ್ನು ನುಂಗಿ, ಅದನ್ನೇ ಇನ್‌ಫ್ರಾರೆಡ್ ಆಗಿ, ಅಂದರೆ ಕಣ್ಣಿಗೆ ಕಾಣದ ಬೆಳಕಾಗಿ ಹೊರಗೆ ಬಿಡುತ್ತದೆ. ಯುರೋಪಿನ ಹರ್ಷೆಲ್ ಬಾಹ್ಯಾಕಾಶ ದೂರದರ್ಶಕ 2009ರಿಂದ 2013ರವರೆಗೆ ಹಿಡಿದದ್ದು ಈ ಬೆಳಕನ್ನೇ. ನಿಮ್ಮ ಫೋಟೊದ ಕಪ್ಪು ಪಟ್ಟೆ ಅದರ ಚಿತ್ರದಲ್ಲಿ ಫಳಫಳ ಹೊಳೆಯುತ್ತದೆ.

ಇನ್ನು ಲೆಕ್ಕ. ಮೊದಲು ಕಂಪ್ಯೂಟರಿನೊಳಗೆ ಒಂದು ಗೆಲಾಕ್ಸಿ ಕಟ್ಟಬೇಕು. ನಡುವಿನ ಉಬ್ಬಿನಲ್ಲಿ ಮುದಿ ನಕ್ಷತ್ರಗಳು, ತಟ್ಟೆಯಲ್ಲಿ ಹೊಸವು, ನಡುನಡುವೆ ದೂಳು. ಆಮೇಲೆ ಬೆಳಕಿನ ಪುಟ್ಟ ಪುಟ್ಟ ಕಟ್ಟುಗಳನ್ನು ಕೋಟಿಗಟ್ಟಲೆ ಹಾರಿಬಿಡುವುದು. ಒಂದೊಂದಕ್ಕೂ ದಾಳ ಉರುಳಿಸುವುದು: ಕಣಕ್ಕೆ ಬಡಿಯಿತಾ? ಬಡಿದರೆ ಒಳಗೆ ಹೋಯಿತಾ, ಬೇರೆ ದಿಕ್ಕಿಗೆ ಚಿಮ್ಮಿತಾ? ಹೀಗೆ ಮಾಡುವುದಕ್ಕೆ ಮಾಂಟೆ ಕಾರ್ಲೊ ವಿಧಾನ ಅನ್ನುತ್ತಾರೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರ ‘ಸ್ಕರ್ಟ್’ ಅನ್ನುವ ಪ್ರೋಗ್ರಾಂ ಮಾಡುವುದು ಇದನ್ನೇ. ಯಾವ ಕಟ್ಟು ಯಾವ ನಕ್ಷತ್ರದ್ದು ಅಂತ ಖಾತೆ ಇಟ್ಟರೆ ನಿಮ್ಮ ‘ಯಾರು ಕಾಯಿಸಿದರು’ಗೆ ಉತ್ತರ ಸಿಗುತ್ತದೆ. ಕೊನೆಗೆ ಬಂದ ಚಿತ್ರ ನಿಜವಾದ ಫೋಟೊಗೆ ಹೊಂದದಿದ್ದರೆ ದೂಳು ಹೆಚ್ಚುಕಡಿಮೆ ಮಾಡಿ ಮತ್ತೆ ಶುರು.

ತೀರಾ ಸಣ್ಣ ಕಣಗಳು ಮಾತ್ರ ಮಹಾ ತರಲೆ. ಅತಿನೇರಳೆ ಬೆಳಕಿನ ಒಂದೇ ಒಂದು ಫೋಟಾನ್ (ಬೆಳಕಿನ ಕಣ) ಬಡಿದರೂ ಸಾಕು, ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ನೂರಾರು ಡಿಗ್ರಿಗೆ ಹಾರಿ, ಮತ್ತೆ ತಣ್ಣಗಾಗುತ್ತವೆ. ಇವಕ್ಕೆ ‘ಸರಾಸರಿ ಬಿಸಿ’ ಅಂದರೆ ಅರ್ಥವೇ ಇಲ್ಲ. ಲೆಕ್ಕ ಬೇರೆಯೇ ಹಾಕಬೇಕು.

ದೊಡ್ಡ ಕಣಗಳದ್ದು ಇನ್ನೊಂದು ಮಜಾ. ಸುಮ್ನೆ ಬಿಸಿ ಏರುವುದಿಲ್ಲ. 18 ಕೆಲ್ವಿನ್ ಇದ್ದದ್ದು 36 ಆಗಬೇಕಾದರೆ ಬೆಳಕು ಹೆಚ್ಚುಕಡಿಮೆ 64 ಪಟ್ಟು ಬೀಳಬೇಕು. ಆಂಡ್ರೊಮಿಡಾದ ನಟ್ಟನಡುವಿನ ದೂಳು ಸುಮಾರು 35 ಕೆಲ್ವಿನ್‌ಗೆ ಕಾದಿದೆ. ಅಲ್ಲಿ ಹೊಸ ನಕ್ಷತ್ರ ಹುಟ್ಟುವುದು ತೀರಾ ಕಡಿಮೆ. ಹಾಗಾದರೆ ಕಾಯಿಸಿದ್ದು ಯಾರು? ಒತ್ತೊತ್ತಾಗಿ ಕಿಕ್ಕಿರಿದಿರುವ ಮುದಿ ನಕ್ಷತ್ರಗಳು. ಇಡೀ ಗೆಲಾಕ್ಸಿಗೆ ಗೆಂಟ್ ತಂಡದವರು 2017ರಲ್ಲಿ ಹಾಕಿದ ಲೆಕ್ಕದಲ್ಲಿ ದೂಳು ನುಂಗಿದ ಶಕ್ತಿಯಲ್ಲಿ ಶೇ 91ರಷ್ಟು ಮುದುಕರದ್ದೇ! ಎಂ51 ಅನ್ನುವ ಸುರುಳಿ ಗೆಲಾಕ್ಸಿಯಲ್ಲಿ ತಿರುಗುಮುರುಗು, ಅಲ್ಲಿ ಶೇ 63ರಷ್ಟು ಎಳೆ ನಕ್ಷತ್ರಗಳ ಪಾಲು. ಇನ್‌ಫ್ರಾರೆಡ್ ಜಾಸ್ತಿ ಇದ್ದರೆ ಹೊಸ ನಕ್ಷತ್ರಗಳ ಹೆರಿಗೆಯೂ ಜಾಸ್ತಿ ಅಂತ ಕಣ್ಣು ಮುಚ್ಚಿ ಹೇಳುವ ಹಾಗಿಲ್ಲ, ಅಲ್ವಾ?

ಈ ಮಾದರಿಗಳು ಎಡವುವ ಜಾಗವೂ ಇದೆ. ಅಂಚಿನ ಕಡೆಯಿಂದ ಕಾಣುವ ಎನ್‌ಜಿಸಿ 891ರಂಥ ಗೆಲಾಕ್ಸಿಗಳಲ್ಲಿ ಕಪ್ಪು ಪಟ್ಟೆಯನ್ನು ನೋಡಿ ದೂಳು ಅಳೆದರೆ, ನಿಜಕ್ಕೂ ಅಲ್ಲಿಂದ ಬರುವ ಇನ್‌ಫ್ರಾರೆಡ್‌ನಲ್ಲಿ ಮೂರನೇ ಒಂದೋ ನಾಲ್ಕನೇ ಒಂದೋ ಪಾಲು ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ದೂಳನ್ನು ರಂಗೋಲಿ ಪುಡಿಯ ಹಾಗೆ ನುಣ್ಣಗೆ ಹರಡಿದ್ದೇ ತಪ್ಪು ಅನ್ನುವುದು ನನ್ನ ಗುಮಾನಿ. ನಿಜದಲ್ಲಿ ಅದು ಗಂಟುಗಂಟಾಗಿರುತ್ತದೆ, ಆ ಗಂಟಿನೊಳಗೇ ಎಳೆ ನಕ್ಷತ್ರಗಳು ಅಡಗಿ ಕೂತಿರುತ್ತವೆ.