ಹುಬ್ಬಳ್ಳಿಯಲ್ಲಿ ಯಾವ ಪಕ್ಷಕ್ಕೂ ಸೇರದೆ ಮತದಾರರ ನಡುವೆ ಕೆಲಸ ಮಾಡಲು ಎಲ್ಲಿಂದ ಆರಂಭಿಸಬೇಕು?

ಹಳೇ ಹುಬ್ಬಳ್ಳಿಯ ಕೆಲವು ಗೆಳೆಯರು ಸೇರಿ ತಮ್ಮ ವಾರ್ಡಿನಲ್ಲಿ ಮತದಾನದ ಪ್ರಮಾಣ ಹೆಚ್ಚಿಸಲು ದುಡಿಯಬೇಕೆಂದಿದ್ದೀರಿ. ಜಾಥಾ, ಬೀದಿನಾಟಕ, ಮಾನವ ಸರಪಳಿ ಇವುಗಳಲ್ಲಿ ಯಾವುದು ಹೆಚ್ಚು ಫಲ ಕೊಡುತ್ತದೆ ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಕೆಲವು ವರ್ಷಗಳಿಂದ ಈ ಕೆಲಸದಲ್ಲಿ ತೊಡಗಿಕೊಂಡವಳಾಗಿ ನನ್ನ ಉತ್ತರವನ್ನು ನೇರವಾಗಿ ಹೇಳುತ್ತೇನೆ. ಮೊದಲು ಮತದಾರರ ಪಟ್ಟಿಯನ್ನು ಕೈಗೆತ್ತಿಕೊಳ್ಳಿ, ಅದನ್ನೂ ಯಾರೂ ಚುನಾವಣೆಯ ಮಾತೆತ್ತದ ತಿಂಗಳುಗಳಲ್ಲಿ ಕೈಗೆತ್ತಿಕೊಳ್ಳಿ. ಜಾಥಾ ಆಮೇಲೆ ಮಾಡಿದರೂ ನಡೆಯುತ್ತದೆ, ಮಾಡದಿದ್ದರೂ ನಡೆಯುತ್ತದೆ.

ಇದಕ್ಕೆ ಕಾರಣ ಕಾನೂನಿನಲ್ಲಿಯೇ ಇದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 23ನೇ ಪ್ರಕರಣದ ಪ್ರಕಾರ, ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆ ಪೂರ್ಣಗೊಳ್ಳುವವರೆಗೆ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ, ತೆಗೆಯುವಂತಿಲ್ಲ, ತಿದ್ದುವಂತಿಲ್ಲ. ಅರ್ಜಿ ಬಂದ ಮೇಲೆ ಆಕ್ಷೇಪಣೆಗೆ ಏಳು ದಿನ ಬಿಡಬೇಕಾಗಿರುವುದರಿಂದ ವಾಸ್ತವದಲ್ಲಿ ಬಾಗಿಲು ಇನ್ನೂ ಮುಂಚೆಯೇ ಮುಚ್ಚಿರುತ್ತದೆ. ಊರಿನಲ್ಲಿ ಮೈಕಿನ ಸದ್ದು ಏಳುವ ಹೊತ್ತಿಗೆ, ‘ತಪ್ಪದೇ ಮತದಾನ ಮಾಡಿ’ ಎಂಬ ಫಲಕಗಳು ಕಾಣಿಸಿಕೊಳ್ಳುವ ಹೊತ್ತಿಗೆ, ಹೆಸರಿಲ್ಲದವರಿಗೆ ಯಾರೂ ಏನೂ ಮಾಡಲಾಗದ ಸ್ಥಿತಿ ಇರುತ್ತದೆ. 2024ರ ಮೇ 7ರಂದು ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆದಾಗ ಗುರುತಿನ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮರಳಿ ಹೋದವರನ್ನು ನಾನು ನೋಡಿದ್ದೇನೆ. ಚೀಟಿ ಇದ್ದರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ಮತ ಹಾಕುವ ಹಕ್ಕು ಪಟ್ಟಿಯಲ್ಲಿರುವ ಹೆಸರಿನಿಂದ ಬರುತ್ತದೆ. ಚೀಟಿ ಗುರುತಿಗೆ ಮಾತ್ರ. ಪಾಲಿಕೆ ಚುನಾವಣೆಯನ್ನು ರಾಜ್ಯ ಚುನಾವಣಾ ಆಯೋಗ ನಡೆಸಿದರೂ ಅದರ ಪಟ್ಟಿಯೂ ವಿಧಾನಸಭೆಯ ಪಟ್ಟಿಯನ್ನೇ ಆಧರಿಸಿರುವುದರಿಂದ, ಇಲ್ಲಿ ಬಿಟ್ಟುಹೋದ ಹೆಸರು ಅಲ್ಲಿಯೂ ಇರುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ನಿಮ್ಮ ಬಡಾವಣೆ ಹುಬ್ಬಳ್ಳಿ-ಧಾರವಾಡ ಪೂರ್ವ, ಸೆಂಟ್ರಲ್, ಪಶ್ಚಿಮ ಇವುಗಳಲ್ಲಿ ಯಾವ ವಿಧಾನಸಭಾ ಕ್ಷೇತ್ರಕ್ಕೆ, ಯಾವ ಭಾಗ ಸಂಖ್ಯೆಗೆ (ಒಂದು ಮತಗಟ್ಟೆಯ ಪಟ್ಟಿ ಎಂದರೆ ಒಂದು ಭಾಗ) ಸೇರಿದೆ ಎಂಬುದನ್ನು ಖಚಿತಪಡಿಸಿಕೊಂಡು, ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಿಂದ ಆ ಭಾಗದ ಪಟ್ಟಿಯನ್ನು ಇಳಿಸಿಕೊಳ್ಳಿ. ಒಂದು ಭಾಗದಲ್ಲಿ ಸುಮಾರು ಸಾವಿರ ಹೆಸರುಗಳಿರುತ್ತವೆ. ಪಾಲಿಕೆಯ ಎಲ್ಲ ವಾರ್ಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೈ ಸೋಲುತ್ತದೆ, ಒಂದೇ ಭಾಗ ಹಿಡಿದರೆ ಕೆಲಸ ಕೈಗೆ ನಿಲುಕುತ್ತದೆ. ಆಮೇಲೆ ಆ ಭಾಗದ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಯಾರೆಂದು ತಿಳಿದು ಅವರನ್ನು ಕಾಣಿರಿ. ಹೆಚ್ಚಿನ ಕಡೆ ಅವರು ಶಾಲಾ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯರೋ ಆಗಿರುತ್ತಾರೆ. ತಮ್ಮ ನಿತ್ಯದ ಕೆಲಸದ ಮೇಲೆ ಈ ಹೊಣೆಯನ್ನೂ ಹೊತ್ತವರು ಅವರು. ದೂರು ಹಿಡಿದುಕೊಂಡು ಹೋಗಬೇಡಿ. ಯಾವ ಓಣಿಯ ಮನೆಗಳು ತಮಗೆ ಸಿಗುತ್ತಿಲ್ಲವೆಂದು ಕೇಳಿ, ಅಲ್ಲಿಂದ ಆರಂಭಿಸಿ.

ಮನೆಮನೆಗೆ ಹೋದಾಗ ಪಟ್ಟಿಯ ನಿಜವಾದ ಕೊರತೆ ಎಲ್ಲಿದೆ ಎಂಬುದು ಕಾಣುತ್ತದೆ. ನಾನು ಕಂಡಂತೆ ಅತಿ ಹೆಚ್ಚು ಬಿಟ್ಟುಹೋಗುವವರು ಮದುವೆಯಾಗಿ ಬಂದ ಹೆಣ್ಣುಮಕ್ಕಳು. ನೇಕಾರ ನಗರದ ಒಂದು ಮನೆಯಲ್ಲಿ ಅತ್ತೆ, ಮಾವ, ಮಗ ಮೂವರ ಹೆಸರೂ ಪಟ್ಟಿಯಲ್ಲಿದ್ದವು, ಸೊಸೆಯದಿರಲಿಲ್ಲ. ಕೇಳಿದಾಗ ಆಕೆ, “ನಂದು ಕಾರ್ಡ್ ಐತ್ರಿ ಅಕ್ಕಾರ” ಎಂದು ಒಳಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಮಕ್ಕಳ ಜನನ ಪ್ರಮಾಣಪತ್ರಗಳ ಜೊತೆ ಇಟ್ಟಿದ್ದ ಚೀಟಿಯನ್ನು ತಂದು ತೋರಿಸಿದರು. ಅದರ ಮೇಲೆ ಇದ್ದದ್ದು ತಂದೆಯ ಹೆಸರು ಮತ್ತು ರೋಣ ತಾಲ್ಲೂಕಿನ ತವರೂರಿನ ವಿಳಾಸ. ಎರಡು ಮಕ್ಕಳನ್ನು ಕಟ್ಟಿಕೊಂಡು ಎರಡು ಬಸ್ಸು ಹತ್ತಿಳಿದು ಓಟಿಗೆಂದು ಹೋಗುವುದು ಆಗದೆ, ಮದುವೆಯಾದಾಗಿನಿಂದ ಆಕೆ ಮತ ಹಾಕಿಯೇ ಇರಲಿಲ್ಲ. ಹೆಸರನ್ನು ಇಲ್ಲಿಗೆ ವರ್ಗಾಯಿಸಬಹುದು ಎಂದಾಗ ಅತ್ತೆ ಕೇಳಿದ ಪ್ರಶ್ನೆ ಇದು: “ತವರಮನ್ಯಾಗಿನ ಹೆಸರು ತಗಸಿದ್ರ ಮುಂದ ಆಸ್ತಿಗೆ ಏನರ ತೊಂದ್ರಿ ಆಕ್ಕೈತೇನ್ರಿ?” ಈ ಭಯ ಬಹಳ ಮನೆಗಳಲ್ಲಿದೆ, ಯಾವ ಬೀದಿನಾಟಕವೂ ಇದಕ್ಕೆ ಉತ್ತರ ಹೇಳುವುದಿಲ್ಲ. ಮತದಾರರ ಪಟ್ಟಿಗೂ ಆಸ್ತಿಯ ಹಕ್ಕಿಗೂ ರೇಷನ್ ಕಾರ್ಡಿಗೂ ಸಂಬಂಧವಿಲ್ಲ ಎಂದು ಸಮಾಧಾನದಿಂದ ಹೇಳಬೇಕು. ವಾಸಸ್ಥಳ ಬದಲಾದವರಿಗೆ ನಮೂನೆ 8 ಒಂದೇ ಸಾಕು. ಕ್ಷೇತ್ರ ಬೇರೆಯಾದರೂ ಅದೇ ಅರ್ಜಿ, ಚೀಟಿಯ ಸಂಖ್ಯೆಯೂ ಹಳೆಯದೇ ಮುಂದುವರಿಯುತ್ತದೆ. 2022ಕ್ಕಿಂತ ಮೊದಲು ಇದಕ್ಕೆ ಬೇರೆ ವ್ಯವಸ್ಥೆ ಇದ್ದುದರಿಂದ ಇಂದಿಗೂ ಹಲವರು ನಮೂನೆ 6 ತುಂಬುತ್ತಾರೆ. ಅದರಿಂದ ಒಬ್ಬರ ಹೆಸರು ಎರಡು ಕಡೆ ಉಳಿಯುವ ತೊಡಕು ಹುಟ್ಟುತ್ತದೆ, ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ. ನಮೂನೆ 6 ಇರುವುದು ಮೊದಲ ಸಲ ನೋಂದಾಯಿಸಿಕೊಳ್ಳುವವರಿಗೆ. ಅವರಿಗೂ ಈಗ ಜನವರಿ 1 ಮಾತ್ರವಲ್ಲದೆ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಅರ್ಹತಾ ದಿನಾಂಕಗಳಾಗಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಪಿಯು ಕಾಲೇಜುಗಳಲ್ಲಿ ಈ ಒಂದು ಸಂಗತಿಯನ್ನು ಹೇಳಿದರೂ ದೊಡ್ಡ ಉಪಕಾರ. ಇಡೀ ಪಟ್ಟಿಯನ್ನು ಹೊಸದಾಗಿ ಪರಿಶೀಲಿಸುವ ವಿಶೇಷ ತೀವ್ರ ಪರಿಷ್ಕರಣೆಯಂತಹ ಸಂದರ್ಭಗಳಲ್ಲಿ ನಮೂನೆ, ದಾಖಲೆಗಳ ನಿಯಮ ಬೇರೆಯಾಗಿರುತ್ತದೆ, ಆಗ ಆಯೋಗದ ಸೂಚನೆಯನ್ನೇ ನೋಡಿ ನಡೆಯಿರಿ.

ಹೋಗುವ ಹೊತ್ತಿನ ಬಗ್ಗೆಯೂ ಒಂದು ಮಾತು. ನಮ್ಮ ಊರಿನಲ್ಲಿ ನೀರು ಬಿಡುವ ದಿನ ಯಾರ ಬಾಗಿಲನ್ನೂ ತಟ್ಟಬೇಡಿ. ಕೊಡ, ಬ್ಯಾರಲ್, ಪೈಪುಗಳ ನಡುವೆ ಇರುವ ಹೆಣ್ಣುಮಕ್ಕಳು ನಿಮ್ಮ ಅರ್ಜಿ ನೋಡುವ ಸ್ಥಿತಿಯಲ್ಲಿರುವುದಿಲ್ಲ. ಮರುದಿನ ಸಂಜೆ ಹೋದರೆ ಕೂಡಿಸಿ ಚಹಾ ಕೊಟ್ಟು ಮಾತಾಡುತ್ತಾರೆ.

ಧಾರವಾಡದ ಕಡೆ ನಿಮಗೆ ಸ್ನೇಹಿತರಿದ್ದರೆ ಅಲ್ಲಿನ ಪ್ರಶ್ನೆ ಬೇರೆ. ಸಪ್ತಾಪುರದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಬಂದು ಕೋಣೆ ಹಿಡಿದಿರುವ ಯುವಜನರು ವರ್ಷಗಟ್ಟಲೆ ಅಲ್ಲಿಯೇ ಇರುತ್ತಾರೆ. ಸಾಮಾನ್ಯ ನಿವಾಸಿಯಾಗಿರುವ ಸ್ಥಳದಲ್ಲಿ ನೋಂದಾಯಿಸಿಕೊಳ್ಳುವುದು ಅವರ ಹಕ್ಕು. ಮನೆ ಮಾಲೀಕರು ಬಾಡಿಗೆ ಕರಾರು ಬರೆದುಕೊಡಲು ಹಿಂಜರಿದರೂ ಬಿಎಲ್‌ಒ ಸ್ಥಳಪರಿಶೀಲನೆಯ ದಾರಿ ಇದೆ. ಆದರೆ ಹಳ್ಳಿಯಲ್ಲಿಯೇ ಮತ ಹಾಕುತ್ತೇನೆ ಎನ್ನುವವರನ್ನು ಒತ್ತಾಯಿಸಬಾರದು. ಅವರಿಗೆ ಮತದಾನದ ದಿನಕ್ಕೆ ಮುಂಚಿತವಾಗಿ ಬಸ್ಸಿನ ಸೀಟು ಕಾಯ್ದಿರಿಸಲು ನೆನಪಿಸಿದರೆ ಸಾಕು.

ಇನ್ನು ಹೆಸರು ತೆಗೆಸುವ ವಿಚಾರ. ಇಲ್ಲಿ ಅತ್ಯಂತ ಎಚ್ಚರಿಕೆ ಬೇಕು. ತೀರಿಕೊಂಡವರ ಹೆಸರು ಉಳಿದಿದ್ದರೆ ಅವರ ಮನೆಯವರೇ ಮರಣ ಪ್ರಮಾಣಪತ್ರದೊಂದಿಗೆ ನಮೂನೆ 7 ಕೊಡುವಂತೆ ಸಹಾಯ ಮಾಡಿ, ಅಷ್ಟಕ್ಕೇ ನಿಲ್ಲಿ. “ಆ ಮನೆಯವರು ಇಲ್ಲಿಲ್ಲ, ಬಿಟ್ಟುಹೋಗಿದ್ದಾರೆ” ಎಂಬ ನೆರೆಯವರ ಮಾತನ್ನು ನಂಬಿ ಸ್ವಯಂಸೇವಕರು ಅರ್ಜಿ ಹಾಕಲು ಹೊರಟರೆ, ದುಡಿಯಲು ಗೋವಾಕ್ಕೋ ಬೆಂಗಳೂರಿಗೋ ಹೋಗಿ ಹಬ್ಬಕ್ಕೆ ಮರಳುವ ಬಡವರ ಹೆಸರೇ ಮೊದಲು ಹೋಗುತ್ತದೆ. ಸುಳ್ಳು ಘೋಷಣೆಗೆ ಅದೇ ಕಾಯ್ದೆಯ 31ನೇ ಪ್ರಕರಣದಲ್ಲಿ ಒಂದು ವರ್ಷದವರೆಗಿನ ಸೆರೆವಾಸದ ಶಿಕ್ಷೆ ಇದೆ. ಶಿಕ್ಷೆಯ ಮಾತು ಹಾಗಿರಲಿ, ಒಬ್ಬ ಮನುಷ್ಯನ ಮತವನ್ನು ಅವನ ಬೆನ್ನ ಹಿಂದೆ ಕಸಿಯುವ ಕೆಲಸಕ್ಕೆ ನಾವು ಕೈ ಹಾಕಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾರದಾದರೂ ಅರ್ಜಿ ತಿರಸ್ಕೃತವಾಗಿದ್ದರೆ, ಅಥವಾ ಹೆಸರು ಅನ್ಯಾಯವಾಗಿ ಹೋಗಿದ್ದರೆ, ಜಿಲ್ಲಾ ಚುನಾವಣಾಧಿಕಾರಿಗೆ ಮೇಲ್ಮನವಿ, ಅದರ ಮೇಲೆ ಮುಖ್ಯ ಚುನಾವಣಾಧಿಕಾರಿಗೆ ಎರಡನೇ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಇಂತಹ ಮೇಲ್ಮನವಿಯನ್ನು ಬರೆದುಕೊಡುವುದು ನಿಮ್ಮ ಗುಂಪು ಮಾಡಬಹುದಾದ ಬಹು ದೊಡ್ಡ ಸೇವೆ.

ಪಕ್ಷಾತೀತ ಎಂದು ಹೇಳಿಕೊಳ್ಳುವುದು ಸುಲಭ, ಓಣಿಯವರು ನಂಬುವುದು ನಡತೆಯನ್ನು ನೋಡಿ. ಯಾವ ಪಕ್ಷದವರ ಗಾಡಿ ಹತ್ತಬೇಡಿ, ಅವರ ಚಹಾ-ನಾಷ್ಟಾದ ಖರ್ಚನ್ನೂ ಸ್ವೀಕರಿಸಬೇಡಿ, ಹಾಲಿ ಪಾಲಿಕೆ ಸದಸ್ಯರನ್ನೋ ಮಾಜಿಗಳನ್ನೋ ಜೊತೆಗೆ ಕರೆದುಕೊಂಡು ಮನೆಗಳಿಗೆ ಹೋಗಬೇಡಿ. ಜನರ ಆಧಾರ್ ಪ್ರತಿ, ಫೋನ್ ಸಂಖ್ಯೆ, ಜಾತಿ ಇವು ಯಾವುವನ್ನೂ ನಿಮ್ಮ ಬಳಿ ಸಂಗ್ರಹಿಸಬೇಡಿ. 2022ರಲ್ಲಿ ಬೆಂಗಳೂರಿನಲ್ಲಿ ಮತದಾರರ ಜಾಗೃತಿಗೆಂದು ಅನುಮತಿ ಪಡೆದಿದ್ದ ಸಂಸ್ಥೆಯೊಂದರ ಮೇಲೆ, ಬಿಎಲ್‌ಒಗಳೆಂದು ಹೇಳಿಕೊಂಡು ಮನೆಮನೆಯ ಮಾಹಿತಿ ಸಂಗ್ರಹಿಸಿದ ಆರೋಪ ಬಂದ ಮೇಲೆ ಜನರಿಗೆ ಅನುಮಾನ ಬರುವುದು ಸಹಜವೇ. ಅರ್ಜಿಯನ್ನು ಅವರ ಮೊಬೈಲಿನಲ್ಲಿಯೇ, ಅವರ ಕಣ್ಣ ಮುಂದೆಯೇ ಚುನಾವಣಾ ಆಯೋಗದ ಆ್ಯಪಿನಲ್ಲಿ ತುಂಬಿಸಿ, ಬಂದ ಅರ್ಜಿ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ಬನ್ನಿ. ಕಟ್ಟುಕಟ್ಟು ಅರ್ಜಿಗಳನ್ನು ಒಬ್ಬರೇ ತಂದುಕೊಟ್ಟರೆ ಕಚೇರಿಯಲ್ಲಿ ಸ್ವೀಕರಿಸುವುದೂ ಇಲ್ಲ. ಸಂದೇಹ ಬಂದವರಿಗೆ ಮತದಾರರ ಸಹಾಯವಾಣಿ 1950 ಸಂಖ್ಯೆಗೆ ತಾವೇ ಕರೆ ಮಾಡಿ ವಿಚಾರಿಸುವಂತೆ ಹೇಳಿ.

ಚುನಾವಣೆ ಘೋಷಣೆಯಾದ ಮೇಲೆ ನಿಮಗೆ ಉಳಿಯುವ ಕೆಲಸಗಳಲ್ಲಿ ಮುಖ್ಯವಾದದ್ದು ಹಿರಿಯರದು. 85 ದಾಟಿದವರು ಮತ್ತು ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಉಳ್ಳವರು ಮನೆಯಿಂದಲೇ ಮತ ಹಾಕಬಹುದು. ಆದರೆ ಅಧಿಸೂಚನೆ ಹೊರಟ ಐದು ದಿನಗಳೊಳಗೆ ನಮೂನೆ 12ಡಿ ಸಲ್ಲಿಸಬೇಕು. ಐದು ದಿನ ಬಹಳ ಬೇಗ ಕಳೆದುಹೋಗುತ್ತವೆ. ಅಂತಹವರು ಯಾವ ಯಾವ ಮನೆಯಲ್ಲಿದ್ದಾರೆ ಎಂಬುದು ಮೊದಲೇ ತಿಳಿದಿದ್ದರೆ ಮಾತ್ರ ಇದು ಸಾಧ್ಯ. ಮತದಾನದ ದಿನ ಮತಗಟ್ಟೆಯಿಂದ 100 ಮೀಟರಿನೊಳಗೆ ಯಾರ ಪರವಾಗಿಯೂ ಮಾತಾಡುವಂತಿಲ್ಲವೆಂಬುದು ನಿಮಗೆ ಗೊತ್ತೇ ಇದೆ. ನಾವು ಆ ಗಡಿಯ ಹೊರಗೆ ನಿಂತು, ಹೆಸರು ಸಿಗದವರಿಗೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಹುಡುಕಿಕೊಡುತ್ತೇವೆ. ಗೈರುಹಾಜರಾದವರು, ಸ್ಥಳಾಂತರಗೊಂಡವರು, ಮೃತರು ಎಂದು ಗುರುತಿಸಿದವರ ಪ್ರತ್ಯೇಕ ಪಟ್ಟಿಯಲ್ಲಿ ತಪ್ಪಾಗಿ ಹೆಸರು ಸೇರಿದವರೂ, ಮೂಲ ಪಟ್ಟಿಯಲ್ಲಿ ಹೆಸರಿದ್ದರೆ, ಗುರುತು ಸಾಬೀತುಪಡಿಸಿ ಮತ ಹಾಕಬಹುದು. ಒಳಗೆ ಯಾರೋ ಇಲ್ಲವೆಂದರು ಎಂದು ಹಿಂದಿರುಗುತ್ತಿರುವವರನ್ನು ನಿಲ್ಲಿಸಿ ಇದನ್ನು ತಿಳಿಸಿ, ಮತಗಟ್ಟೆ ಅಧ್ಯಕ್ಷಾಧಿಕಾರಿಯನ್ನು ಕಾಣಲು ಹೇಳಿ.

ನಿಜವಾಗಿಯೂ ಹೆಸರಿಲ್ಲದೆ ಮರಳಿದವರ ಮನೆಯ ಗುರುತನ್ನು ಕೇಳಿ ಇಟ್ಟುಕೊಳ್ಳಿ. ಫಲಿತಾಂಶ ಬಂದು ಒಂದೆರಡು ವಾರ ಕಳೆದ ಮೇಲೆ, ಆ ಸಿಟ್ಟು ಇನ್ನೂ ಆರಿರದಾಗಲೇ ಅವರಲ್ಲಿಗೆ ಹೋಗಿ ಅರ್ಜಿ ಹಾಕಿಸಿ. ಪಟ್ಟಿಯ ನಿರಂತರ ಪರಿಷ್ಕರಣೆ ಆಗ ಮತ್ತೆ ತೆರೆದಿರುತ್ತದೆ.