ಎಚ್2ನಲ್ಲಿ ಎಲ್ಲ ಟೆಸ್ಟ್ ಪಾಸ್, ಪೋಸ್ಟ್‌ಗ್ರೆಸ್‌ಗೆ ಹೋದರೆ ಫೇಲ್: ಇನ್-ಮೆಮೊರಿ ಡೇಟಾಬೇಸ್ ಬಿಟ್ಟುಬಿಡಬೇಕಾ?

ರೆಪೊಸಿಟರಿ ಟೆಸ್ಟ್‌ಗಳಿಂದಂತೂ (ಡೇಟಾಬೇಸ್ ಜೊತೆ ಮಾತಾಡೋ ಕೋಡ್‌ನ ಟೆಸ್ಟ್‌ಗಳು) ಎಚ್2 ಅನ್ನ ಇವತ್ತೇ ತೆಗೆದುಬಿಡಿ ಅಂತೀನಿ.

ನೀವು ಹೇಳಿರೋದು ಇಷ್ಟು: ಸ್ಪ್ರಿಂಗ್ ಬೂಟ್ (ಜಾವಾ ಫ್ರೇಮ್‌ವರ್ಕ್) ಅಪ್ಲಿಕೇಶನ್, ಪ್ರೊಡಕ್ಷನ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್, ಟೆಸ್ಟ್‌ಗೆ ಮಾತ್ರ ಮೆಮೊರಿಯಲ್ಲೇ ಓಡೋ ಪುಟ್ಟ ಡೇಟಾಬೇಸ್ ಎಚ್2, ಅದಕ್ಕೆ ಪೋಸ್ಟ್‌ಗ್ರೆಸ್ ಥರ ನಡೆದುಕೊಳ್ಳೋ ಮೋಡ್. ಬಿಲ್ಡ್ ಪಾಸಾಗುತ್ತೆ, ಸ್ಟೇಜಿಂಗ್‌ನಲ್ಲಿ (ಪ್ರೊಡಕ್ಷನ್‌ಗೆ ಮುಂಚಿನ ಪ್ರಯೋಗದ ಸರ್ವರ್) ಆರ್ಡರ್ ಸೇವ್ ಮಾಡೋ ಎಪಿಐ ಆಗಾಗ 500, ಅಂದರೆ ಸರ್ವರ್ ಎರರ್ ಕೊಡುತ್ತೆ. ಅದೇ ಆರ್ಡರ್ ಎರಡು ಸಲ ಬಂದರೆ ಡೂಪ್ಲಿಕೇಟ್ ಕೀ ಎಕ್ಸೆಪ್ಷನ್ ಹಿಡಿದು, ಹಳೇ ಸಾಲನ್ನೇ ಓದಿ ವಾಪಸ್ ಕೊಡ್ತೀರಿ. ನಿಜವಾದ ಪೋಸ್ಟ್‌ಗ್ರೆಸ್ ಇಟ್ಟರೆ ಟೆಸ್ಟ್ ನಿಧಾನ ಆಗುತ್ತೆ ಅಂತ ತಂಡದವರು ಒಪ್ಪುತ್ತಿಲ್ಲ.

ನಿಮ್ಮ 500ರ ಮೂಲ ಬಹುಶಃ ಆ ಕ್ಯಾಚ್ ಬ್ಲಾಕ್‌ನಲ್ಲೇ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್ (ಆದರೆ ಎಲ್ಲ, ಇಲ್ಲದಿದ್ದರೆ ಏನೂ ಇಲ್ಲ ಅನ್ನೋ ಕೆಲಸಗಳ ಗುಂಪು) ಒಳಗೆ ಒಂದು ಸ್ಟೇಟ್‌ಮೆಂಟ್ ಫೇಲಾದರೆ ಇಡೀ ಟ್ರಾನ್ಸಾಕ್ಷನ್ ಕೆಟ್ಟಿತು ಅಂತಲೇ ಲೆಕ್ಕ. ರೋಲ್‌ಬ್ಯಾಕ್ ಮಾಡೋವರೆಗೆ, ಅಂದರೆ ಮಾಡಿದ್ದನ್ನೆಲ್ಲ ರದ್ದುಮಾಡೋವರೆಗೆ, ಮುಂದಿನ ಯಾವ ಕ್ವೆರಿಯನ್ನೂ ಅದು ನಡೆಸಲ್ಲ. ಎಚ್2 ಹಾಗಲ್ಲ. ಫೇಲಾದ ಆ ಒಂದು ಇನ್ಸರ್ಟ್ ಮಾತ್ರ ರದ್ದಾಗುತ್ತೆ, ನಂತರದ ಸೆಲೆಕ್ಟ್ ಆರಾಮಾಗಿ ಓಡುತ್ತೆ. ಜಾವಾ ಕೋಡ್ ಒಂದಕ್ಷರ ಬದಲಾಗದಿದ್ದರೂ ಫಲಿತಾಂಶ ಎರಡು ಥರ. ಸ್ಟೇಜಿಂಗ್ ಲಾಗ್‌ನಲ್ಲಿ 25ಪಿ02 ಅನ್ನೋ ಎರರ್ ಕೋಡ್ ಹುಡುಕಿ ನೋಡಿ. ಸಿಕ್ಕರೆ ಇದೇ ಕಾಯಿಲೆ. ಎಕ್ಸೆಪ್ಷನ್ ಹಿಡಿಯೋ ಬದಲು 'ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್' (ಡೂಪ್ಲಿಕೇಟ್ ಬಂದರೆ ಸುಮ್ಮನಿರು) ಬರೆಯಿರಿ, ಇಲ್ಲವೇ ಇನ್ಸರ್ಟ್‌ಗೆ ಮುಂಚೆ ಸೇವ್‌ಪಾಯಿಂಟ್ (ಅಲ್ಲಿಯವರೆಗೆ ಮಾತ್ರ ವಾಪಸ್ ಹೋಗೋಕೆ ಒಂದು ಗುರುತು) ಇಡಿ.

ಮೋಡ್ ಹಾಕಿದರೆ ಎಚ್2 ಪೋಸ್ಟ್‌ಗ್ರೆಸ್ ಆಗಿಬಿಡಲ್ಲ. ಕೆಲವು ಸಿಂಟ್ಯಾಕ್ಸ್, ಕೆಲವು ನಡವಳಿಕೆ ಮಾತ್ರ ಹೊಂದಿಕೊಳ್ಳುತ್ತೆ, ಒಳಗಿನ ಎಂಜಿನ್ ಅದೇ. ಕೋಟ್ ಇಲ್ಲದ ಹೆಸರುಗಳನ್ನ ಪೋಸ್ಟ್‌ಗ್ರೆಸ್ ಸಣ್ಣ ಅಕ್ಷರಕ್ಕೆ ಇಳಿಸಿದರೆ ಎಚ್2 ದೊಡ್ಡ ಅಕ್ಷರಕ್ಕೆ ಏರಿಸುತ್ತೆ. ಅದನ್ನ ಸರಿಮಾಡೋಕೆ ಇನ್ನೊಂದು ಸೆಟ್ಟಿಂಗ್ ಬೇಕು. 'ಡೂ ನಥಿಂಗ್' ಎಚ್2ಗೆ ಅರ್ಥವಾಗುತ್ತೆ, 'ಡೂ ಅಪ್‌ಡೇಟ್' (ಡೂಪ್ಲಿಕೇಟ್ ಬಂದರೆ ಹಳೇ ಸಾಲನ್ನ ಬದಲಿಸು) ಆಗಲ್ಲ. 'ವ್ಯಾಲ್ಯೂ' ಅನ್ನೋ ಹೆಸರಿನ ಕಾಲಮ್ ಪೋಸ್ಟ್‌ಗ್ರೆಸ್‌ಗೆ ಸಲೀಸು, ಎಚ್2ನ 2ನೇ ಆವೃತ್ತಿಗೆ ಅದು ಕೀವರ್ಡ್. ಇಂಥವು ಜೋರಾಗಿ ಕಿರುಚಿ ಬೀಳೋ ತಪ್ಪುಗಳು, ಬೇಗ ಗೊತ್ತಾಗುತ್ತೆ. ಆದರೆ ಇವುಗಳ ಕಾಟಕ್ಕೆ ಬೇಸತ್ತು ಪ್ರೊಡಕ್ಷನ್ ಕ್ವೆರಿಯನ್ನೇ ಎಚ್2ಗೆ ಒಪ್ಪೋ ಹಾಗೆ ತಿದ್ದೋ ತಂಡಗಳಿವೆ. ಮೂಗಿಗಿಂತ ಮೂಗುತಿ ಭಾರ.

ಇದು ಎಚ್2 ಒಂದರ ದೋಷ ಅಂದುಕೊಳ್ಳಬೇಡಿ. ಎಸ್‌ಕ್ಯೂಲೈಟ್ ಅನ್ನೋ ಇನ್ನೊಂದು ಪುಟ್ಟ ಡೇಟಾಬೇಸ್‌ನಲ್ಲಿ ಫಾರಿನ್ ಕೀ (ಬೇರೆ ಟೇಬಲ್‌ನ ಸಾಲಿಗೆ ಇರೋ ಕೊಂಡಿ) ತಪಾಸಣೆ ಸಾಮಾನ್ಯವಾಗಿ ಆಫ್ ಇರುತ್ತೆ, ಪ್ರತಿ ಕನೆಕ್ಷನ್‌ನಲ್ಲೂ ನಾವೇ ಆನ್ ಮಾಡಬೇಕು. 10 ಅಕ್ಷರದ ವಾರ್‌ಚಾರ್ (ಪಠ್ಯದ ಕಾಲಮ್) ಅಂತ ಬರೆದರೂ 500 ಅಕ್ಷರ ನುಂಗುತ್ತೆ. ಹಳೇ ಮೈಎಸ್‌ಕ್ಯೂಎಲ್ ಡೇಟಾಬೇಸ್ ಇಟ್ಟುಕೊಂಡವರಿಗೆ ಕನ್ನಡವೇ ಒಳ್ಳೇ ಪರೀಕ್ಷೆ: 8.0ಕ್ಕೂ ಮುಂಚೆ ಅದರ ಡೀಫಾಲ್ಟ್ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1, ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಅಂಥ ಕಾಲಮ್‌ಗೆ 'ಶ್ರೀನಿವಾಸ' ಅಂತ ಹಾಕಿದರೆ ಸ್ಟ್ರಿಕ್ಟ್ ಮೋಡ್‌ನಲ್ಲಿ ಎರರ್, ಇಲ್ಲದಿದ್ದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಎಚ್2 ಪೂರ್ತಿ ಯೂನಿಕೋಡ್, ಹಾಗಾಗಿ ಅಲ್ಲಿ ಟೆಸ್ಟ್ ಪಾಸ್.

ಈಗ ವೇಗದ ವಿಷಯ. ನಮಗೆ ಬೇಕಿರೋದು ಡೇಟಾ ಡಿಸ್ಕ್‌ಗೆ ಹೋಗದೆ ಮೆಮೊರಿಯಲ್ಲೇ ಇರೋದು ತಾನೇ? ಡಾಕರ್ ಕಂಟೇನರ್‌ನಲ್ಲಿ (ಪ್ರತ್ಯೇಕವಾಗಿ ಓಡೋ ಪುಟ್ಟ ಪೊಟ್ಟಣ) ಪೋಸ್ಟ್‌ಗ್ರೆಸ್ ಎಬ್ಬಿಸಿ, ಅದರ ಡೇಟಾ ಡೈರೆಕ್ಟರಿಯನ್ನ ಟಿಎಂಪಿಎಫ್‌ಎಸ್ (ಮೆಮೊರಿಯಲ್ಲಿರೋ ಫೈಲ್ ಸಿಸ್ಟಮ್) ಮೇಲೆ ಕೂರಿಸಿ, ಎಫ್‌ಸಿಂಕ್ (ಡೇಟಾ ಡಿಸ್ಕ್‌ಗೆ ಬರೆದಾಯಿತಾ ಅಂತ ಕಾಯೋದು) ಆಫ್ ಮಾಡಿ. ಎಂಜಿನ್ ಅಸಲಿ, ಜಾಗ ಮಾತ್ರ ರ್‍ಯಾಮ್. ಕರೆಂಟ್ ಹೋದರೆ ಡೇಟಾ ಹೋಗುತ್ತೆ, ಟೆಸ್ಟ್ ಡೇಟಾ ಹೋದರೆ ಅಳೋರು ಯಾರು. ಟೆಸ್ಟ್ ಹೊತ್ತಿಗೆ ಕಂಟೇನರ್ ಎಬ್ಬಿಸೋ ಟೆಸ್ಟ್‌ಕಂಟೇನರ್ಸ್ ಲೈಬ್ರರಿ ಬಳಸಿ, ಸ್ಪ್ರಿಂಗ್ ಬೂಟ್ 3.1ರಿಂದ ಸರ್ವಿಸ್ ಕನೆಕ್ಷನ್ ಅನೋಟೇಶನ್ ಇರೋದರಿಂದ ಯೂಆರ್‌ಎಲ್, ಪಾಸ್‌ವರ್ಡ್ ಬರೆಯೋ ರಗಳೆಯೂ ಇಲ್ಲ. ಪ್ರತಿ ಟೆಸ್ಟ್ ಕ್ಲಾಸ್‌ಗೂ ಕಂಟೇನರ್ ಎಬ್ಬಿಸಬೇಡಿ, ಇಡೀ ಸೂಟ್‌ಗೆ ಒಂದೇ ಸಾಕು. ಪ್ರೊಡಕ್ಷನ್‌ನಲ್ಲಿರೋ ಮೇಜರ್ ಆವೃತ್ತಿಯನ್ನೇ ಹಾಕಿ, ಲೇಟೆಸ್ಟ್ ಅಂತ ಬಿಡಬೇಡಿ. ಫ್ಲೈವೇ ಮೈಗ್ರೇಶನ್‌ಗಳನ್ನ (ಟೇಬಲ್‌ಗಳನ್ನ ಕಟ್ಟೋ, ಬದಲಿಸೋ ಸ್ಕ್ರಿಪ್ಟ್‌ಗಳು) ಅದರ ಮೇಲೆ ಒಮ್ಮೆ ಓಡಿಸಿ. ಎಚ್2 ಇದ್ದಾಗ ಹೈಬರ್ನೇಟ್ (ಜಾವಾ ಆಬ್ಜೆಕ್ಟ್‌ಗಳನ್ನ ಡೇಟಾಬೇಸ್‌ಗೆ ಜೋಡಿಸೋ ಲೈಬ್ರರಿ) ಟೇಬಲ್ ಕಟ್ಟಿಕೊಡುತ್ತೆ ಅಂತ ಫ್ಲೈವೇ ಆಫ್ ಮಾಡಿಟ್ಟಿದ್ದರೆ ಆ ಸ್ಕ್ರಿಪ್ಟ್‌ಗಳಿಗೆ ಇದೇ ಮೊದಲ ಪರೀಕ್ಷೆ. ಪ್ಯಾರಲಲ್ ಓಡಿಸೋದಾದರೆ ಆ ಡೇಟಾಬೇಸ್ ಅನ್ನೇ ಟೆಂಪ್ಲೇಟ್ ಮಾಡಿ ಪ್ರತಿ ವರ್ಕರ್‌ಗೂ ಒಂದು ಪ್ರತಿ ತೆಗೆಯಿರಿ. ಪ್ರತಿ ತೆಗೆಯುವಾಗ ಟೆಂಪ್ಲೇಟ್‌ಗೆ ಬೇರೆ ಯಾವ ಕನೆಕ್ಷನ್ನೂ ಇರಬಾರದು.

ಇಷ್ಟಾದರೂ ನಿಧಾನ ಅನ್ನಿಸಿದರೆ ಡೇಟಾಬೇಸ್ ಬಿಟ್ಟು ಸ್ಪ್ರಿಂಗ್ ಕಡೆ ನೋಡಿ. ಕ್ಲಾಸ್‌ಗೊಂದು ಥರ ಮಾಕ್ ಬೀನ್ (ಅಸಲಿ ಭಾಗದ ಜಾಗಕ್ಕೆ ನಕಲಿ), ಪ್ರಾಪರ್ಟಿ ಹಾಕಿದರೆ ಕ್ಯಾಶ್‌ನಲ್ಲಿರೋ ಅಪ್ಲಿಕೇಶನ್ ಕಾಂಟೆಕ್ಸ್ಟ್ (ಸ್ಪ್ರಿಂಗ್ ಜೋಡಿಸಿಟ್ಟ ಇಡೀ ಅಪ್ಲಿಕೇಶನ್) ಮರುಬಳಕೆ ಆಗಲ್ಲ, ಪ್ರತಿ ಸಲ ಹೊಸದಾಗಿ ಕಟ್ಟುತ್ತೆ. ನಾನು ನೋಡಿದ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚು ಸಮಯ ತಿನ್ನೋದು ಇದೇ.

ಎಂಜಿನ್ ಬದಲಿಸಿದರೂ ಹೋಗದ ಇನ್ನೊಂದು ಮೋಸ ಇದೆ. ಡೇಟಾ ಜೆಪಿಎ ಟೆಸ್ಟ್ (ರೆಪೊಸಿಟರಿ ಟೆಸ್ಟ್‌ಗೆ ಸ್ಪ್ರಿಂಗ್ ಕೊಡೋ ಅನೋಟೇಶನ್) ಕೊನೆಗೆ ರೋಲ್‌ಬ್ಯಾಕ್ ಆಗುತ್ತೆ. ಸೀಕ್ವೆನ್ಸ್ ಐಡಿ (ಡೇಟಾಬೇಸ್ ಎಣಿಸಿಕೊಡೋ ಸಂಖ್ಯೆ) ಬಳಸಿದರೆ ಹೈಬರ್ನೇಟ್ ಇನ್ಸರ್ಟ್ ಅನ್ನ ಫ್ಲಶ್‌ವರೆಗೆ, ಅಂದರೆ ಬಾಕಿ ಬದಲಾವಣೆಗಳನ್ನ ಡೇಟಾಬೇಸ್‌ಗೆ ಕಳಿಸೋವರೆಗೆ ಮುಂದೂಡುತ್ತೆ. ನೀವು ಫ್ಲಶ್ ಕರೆಯದಿದ್ದರೆ ಇನ್ಸರ್ಟ್ ಡೇಟಾಬೇಸ್ ಮುಟ್ಟದೆಯೇ ಟೆಸ್ಟ್ ಮುಗಿಯಬಹುದು, ಯೂನಿಕ್ ಕನ್‌ಸ್ಟ್ರೈಂಟ್ ಮುರಿದರೂ ಹಸಿರು ಬಣ್ಣ. ಜೊತೆಗೆ ಎಚ್2 ಡಿಪೆಂಡೆನ್ಸಿಯನ್ನ ಪೂರ್ತಿ ತೆಗೆದುಹಾಕಿ, ಡೇಟಾಬೇಸ್ ರಿಪ್ಲೇಸ್ ಮಾಡೋ ಆಯ್ಕೆಯನ್ನ 'ನನ್' (ಯಾವುದನ್ನೂ ಬದಲಿಸಬೇಡ) ಅಂತ ಇಡಿ. ಇಲ್ಲದಿದ್ದರೆ ಸ್ಪ್ರಿಂಗ್ ನಿಮ್ಮ ಡೇಟಾಸೋರ್ಸ್ ಜಾಗದಲ್ಲಿ ಸದ್ದಿಲ್ಲದೆ ಎಚ್2 ಕೂರಿಸೋ ಸಾಧ್ಯತೆ ಇದೆ.

ಕಂಟ್ರೋಲರ್ (ವೆಬ್ ರಿಕ್ವೆಸ್ಟ್ ತೆಗೆದುಕೊಳ್ಳೋ ಕೋಡ್) ಟೆಸ್ಟ್‌ಗಳಿಗೆ ಎಚ್2ವೂ ಬೇಡ, ಪೋಸ್ಟ್‌ಗ್ರೆಸ್ಸೂ ಬೇಡ. ಸರ್ವಿಸ್‌ಗೆ ಮಾಕ್ ಕೊಟ್ಟರೆ ಸಾಕು.

ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಡಾಕರ್‌ಗೆ ಅನುಮತಿ ಇಲ್ಲ ಅನ್ನೋದಾದರೆ ಝಾಂಕಿಯವರ ಎಂಬೆಡೆಡ್ ಪೋಸ್ಟ್‌ಗ್ರೆಸ್ ಲೈಬ್ರರಿ ನೋಡಿ. ಅಸಲಿ ಪೋಸ್ಟ್‌ಗ್ರೆಸ್ ಬೈನರಿಯನ್ನೇ ಡಾಕರ್ ಇಲ್ಲದೆ ಟೆಸ್ಟ್ ಹೊತ್ತಿಗೆ ಎಬ್ಬಿಸುತ್ತೆ. ಸಿಐ ಸರ್ವರ್‌ನಲ್ಲಿ (ಬಿಲ್ಡ್, ಟೆಸ್ಟ್ ತಾನಾಗಿ ಓಡೋ ಜಾಗ) ಬಿಲ್ಡ್ ರೂಟ್ ಯೂಸರ್ ಆಗಿ ಓಡುತ್ತಿದ್ದರೆ ಮಾತ್ರ ಅದನ್ನ ಮೊದಲು ಬದಲಿಸಿ, ರೂಟ್ ಆಗಿ ಶುರುವಾಗೋಕೆ ಪೋಸ್ಟ್‌ಗ್ರೆಸ್ ಒಪ್ಪಲ್ಲ.